ಶೆಟ್ಟಿಹಳ್ಳಿಯ ಹಳೆಯ ದೇವರ ಮನೆ



ಅಕ್ಟೋಬರ್ 7 ಜಪಸರ ಮಾತೆಯ ಹಬ್ಬ. ನಮ್ಮ ಧರ್ಮಕೇಂದ್ರಗಳಲ್ಲೆಲ್ಲ ಅಂದು ದೀಪ, ಹೂವು, ಬಲಿಪೂಜೆ. ಆದರೆ ಅದೇ ಮಾತೆಯ ಹೆಸರು ಹೊತ್ತ ಹಾಸನದ ಬಳಿಯ ಒಂದು ದೇವಾಲಯದಲ್ಲಿ ಅಂದು ಸಾಮಾನ್ಯವಾಗಿ ನೀರು ನಿಂತಿರುತ್ತದೆ. ಜುಲೈಯಿಂದ ಅಕ್ಟೋಬರ್‌ವರೆಗೆ ಹೇಮಾವತಿ ತುಂಬಿ ನಿಲ್ಲುವ ಕಾಲವೇ ಅದರ ಹಬ್ಬದ ಕಾಲವೂ ಹೌದು. ಅದೇ ಶೆಟ್ಟಿಹಳ್ಳಿಯ ಜಪಸರ ಮಾತೆಯ ದೇವಾಲಯ.

ಇದನ್ನು ನೋಡಲು ಈಗ ದೂರದೂರದಿಂದ ಜನ ಬರುತ್ತಾರೆ. 'ತೇಲುವ ಚರ್ಚ್' ಎಂದು ಹೆಸರಿಟ್ಟಿದ್ದಾರೆ. ಅದು ಎಂದೂ ತೇಲಲಿಲ್ಲ. ನೆಲಕ್ಕೆ ಕಚ್ಚಿಕೊಂಡು ನಿಂತಿರುವುದೇ ಅದರ ಹೆಚ್ಚುಗಾರಿಕೆ! ಬಂದವರಿಗೆ ಎರಡು ಕಥೆಗಳನ್ನು ಹೇಳಲಾಗುತ್ತದೆ. ಆಲೂರು, ಸಕಲೇಶಪುರದ ಆಂಗ್ಲ ತೋಟದ ದೊರೆಗಳಿಗಾಗಿ ಇದನ್ನು ಕಟ್ಟಲಾಯಿತೆಂಬುದು ಒಂದು. ಅಬ್ಬೆ ದುಬ್ವಾ ಎಂಬ ಫ್ರೆಂಚ್ ಗುರುಗಳು ಇದನ್ನು ನೋಡಿಕೊಳ್ಳುತ್ತಿದ್ದರೆಂಬುದು ಇನ್ನೊಂದು. ಎರಡನೆಯದು ಲೆಕ್ಕಕ್ಕೇ ಕೂಡುವುದಿಲ್ಲ. ದೇವಾಲಯವನ್ನು ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು 1860ರ ದಶಕದಲ್ಲಿ. ದುಬ್ವಾ ಭಾರತವನ್ನು ಬಿಟ್ಟದ್ದು 1823ರಲ್ಲಿ, ತೀರಿಕೊಂಡದ್ದು 1848ರಲ್ಲಿ.

ಹಾಗೆಂದು ಅವರಿಗೂ ಈ ಸೀಮೆಗೂ ನಂಟಿಲ್ಲವೆಂದಲ್ಲ. ಫ್ರಾನ್ಸಿನ ಸೇಂಟ್ ರೆಮೇಜ್ ಎಂಬ ಹಳ್ಳಿಯಲ್ಲಿ ಹುಟ್ಟಿ, 1792ರಲ್ಲಿ ಗುರುಪಟ್ಟ ಪಡೆದವರು ಅವರು. 'ಅಬ್ಬೆ' ಎಂದರೆ ಫ್ರೆಂಚಿನಲ್ಲಿ ಗುರು. ನಮ್ಮ ಹಳಗನ್ನಡದಲ್ಲಿ ತಾಯಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಮೈಸೂರು ಸೀಮೆಗೆ ಬಂದರು. ಈ ನಾಡಿನ ಉಡುಪು ತೊಟ್ಟರು, ಇಲ್ಲಿನ ಊಟ ಉಂಡರು. ರೈತರಿಗಾಗಿ ಬೇಸಾಯದ ನೆಲೆಗಳನ್ನು ಕಟ್ಟಿದರು. ಸಿಡುಬಿಗೆ ಹೆದರಿ ಊರಿಗೆ ಊರೇ ನಡುಗುತ್ತಿದ್ದ ಆ ದಿನಗಳಲ್ಲಿ, 1803-04ರಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ದೇವಿ ಹಾಕಿಸಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು.

ಇಷ್ಟು ದುಡಿದ ಸ್ವಾಮಿಯವರು ಕೊನೆಗೆ ಮನನೊಂದು ಹಿಂದಿರುಗಿದರೆಂಬುದನ್ನು ಮುಚ್ಚಿಡಬೇಕಿಲ್ಲ. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ, ಭಾರತದಲ್ಲಿ ಕ್ರೈಸ್ತ ಧರ್ಮ ಬೆಳೆಯುವ ಆಸೆಯೇ ಇಲ್ಲವೆಂದು ಅವರು ಬರೆದುಬಿಟ್ಟರು. ಅವರು ಹೋದ ಸುಮಾರು ನಲವತ್ತು ವರ್ಷಕ್ಕೆ ಶೆಟ್ಟಿಹಳ್ಳಿಯಲ್ಲಿ ಈ ಎತ್ತರದ ಕಮಾನುಗಳು ಎದ್ದವು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಹಿರಿಯರು ಹೇಳುತ್ತಾರೆ. ತೋಟದ ದೊರೆಗಳ ಕಥೆಯೂ ನಮಗೆ ಒಪ್ಪಿಗೆಯಾಗದು. ಆ ದೊರೆಗಳಲ್ಲಿ ಬಹುಪಾಲು ಪ್ರೊಟೆಸ್ಟೆಂಟರು. ಕಥೋಲಿಕ ದೇವಾಲಯವೊಂದಕ್ಕೆ ದಿನವೂ ಬಂದು ಮೊಣಕಾಲೂರಿದವರು ಸುತ್ತಲಿನ ಉಳುವ ಜನವೇ ಅಲ್ಲವೇ? ತೋಟದ ದೊರೆಯ ಹೆಸರು ಹೇಳಿದರೆ ಕಥೆಗೆ ಬೆಡಗು ಬರುತ್ತದೆ. ರಾಗಿ ಬೆಳೆದವನ ಹೆಸರಿಗೆ ಆ ಬೆಡಗಿಲ್ಲ.

ಆಮೇಲೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು. 1979ರಲ್ಲಿ ಅದು ಮುಗಿಯಿತು. 37 ಟಿಎಂಸಿ ಅಡಿ ನೀರು ಹಿಡಿಯುವ ಆ ಜಲಾಶಯದಲ್ಲಿ ಊರೂರೇ ಮುಳುಗಿದವು. ಮನೆ, ಹೊಲ, ಕಣ, ಹುಣಸೆಮರ ಎಲ್ಲವನ್ನೂ ಬಿಟ್ಟು ಜನ ಬೇರೆಡೆ ಹೋಗಿ ಒಲೆ ಹೂಡಿದರು. ಬಲಿಪೀಠ ಬರಿದಾಯಿತು. ವರ್ಷಗಳು ಕಳೆದಂತೆ ಮಾಡು ಹೋಯಿತು, ಗೋಡೆಗಳೂ ಒಂದೊಂದಾಗಿ ಜರಿಯುತ್ತಿವೆ.

ಆ ನೀರು ಎಲ್ಲಿಗೆ ಹೋಯಿತು? ಎಡದಂಡೆ ನಾಲೆಯಲ್ಲಿ ಹೊಳೆನರಸೀಪುರ, ಚನ್ನರಾಯಪಟ್ಟಣದತ್ತ, ಬಲದಂಡೆಯಲ್ಲಿ ಅರಕಲಗೂಡಿನತ್ತ. ಮಂಡ್ಯ, ತುಮಕೂರಿನವರೆಗೂ ಹರಿಯಿತು. ಈ ತಾಲ್ಲೂಕುಗಳ ನಮ್ಮ ಕುಟುಂಬಗಳು ಅನ್ನದ ತಟ್ಟೆಯ ಮುಂದೆ ಕೂತಾಗ ಅದರಲ್ಲಿ ಶೆಟ್ಟಿಹಳ್ಳಿಯವರ ಪಾಲೂ ಇದೆ. ಅಣೆಕಟ್ಟು ಬೇಡವಾಗಿತ್ತೆಂದು ನಾವು ಹೇಳುತ್ತಿಲ್ಲ. ನೀರು ಕಂಡವರು ನೆಲ ಕಳೆದುಕೊಂಡವರನ್ನು ಮರೆತರೆಂಬುದಷ್ಟೇ ನಮ್ಮ ನೋವು.

ಬೇಸಿಗೆಯಲ್ಲಿ ನಾವು ಹೋದಾಗ ನೀರು ಇಳಿದಿತ್ತು. ಒಣಗಿ ಬಿರಿದ ಕೆಸರಿನ ಮೇಲೆ ದನ ಮೇಯುತ್ತಿದ್ದವು. ಗೋಡೆಯ ಮೇಲೆ ಪ್ರೇಮಿಗಳು ಇದ್ದಿಲಲ್ಲಿ ತಮ್ಮ ಹೆಸರು ಗೀಚಿದ್ದರು. ಮದುವೆಯ ಜೋಡಿಯೊಂದು ಬಲಿಪೀಠವಿದ್ದ ಜಾಗದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿತ್ತು. ನಮ್ಮ ಜೊತೆಗೆ ಬಂದಿದ್ದ ಅಜ್ಜಿಯೊಬ್ಬರು ಬಾಗಿಲಿದ್ದ ಕಡೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಅಲ್ಲಿ ಬಾಗಿಲೂ ಇಲ್ಲ, ಮೇಲೆ ಮಾಡೂ ಇಲ್ಲ. "ಯಾಕಜ್ಜಿ, ಕಾಲು ಸುಡಲ್ವಾ?" ಎಂದೆವು.

"ನಮ್ಮನೆ ಕಣಪ್ಪ ಇದು," ಎಂದು ಶಿಲುಬೆಯ ಗುರುತು ಹಾಕಿಕೊಂಡರು.