ಕಿರುಚಿತ್ರ ಭಾವ ಕಟ್ಟಲು ಕಲಿತದ್ದು

ಗಂಡುಹೆಣ್ಣಿನ ಒಲವನ್ನು ತೆರೆಗೆ ತಂದು ಹೆಸರಾದ ಮೊದಮೊದಲ ಚಿತ್ರ ಅರ್ಧ ನಿಮಿಷವೂ ಓಡುವುದಿಲ್ಲ. 1896ರಲ್ಲಿ ಎಡಿಸನ್ ಕಂಪನಿಗಾಗಿ ವಿಲಿಯಂ ಹೈಸ್ ತೆಗೆದ ‘ದಿ ಕಿಸ್’ನಲ್ಲಿ ಮೇ ಇರ್ವಿನ್ ಮತ್ತು ಜಾನ್ ರೈಸ್ ಎಂಬ ರಂಗನಟರು ಕೆನ್ನೆಗೆ ಕೆನ್ನೆ ತಾಗಿಸಿ ಮಾತಾಡುತ್ತಾರೆ, ಮುತ್ತಿಡುತ್ತಾರೆ. ಒಂದೇ ಶಾಟ್, ಕತ್ತರಿಸಿ ಜೋಡಿಸಿದ್ದು ಏನೂ ಇಲ್ಲ. ರಂಗದ ಮೇಲೆ ಇದೇ ಮುತ್ತು ದೂರದ ನೋಟವಾಗಿತ್ತು. ಕ್ಯಾಮೆರಾ ಅದನ್ನು ಎದೆಮಟ್ಟದ ಚೌಕಟ್ಟಿಗೆ ತಂದಿತು. ಜನ ಮುಗಿಬಿದ್ದು ನೋಡಿದರು, ಆಕ್ಷೇಪವೂ ಎದ್ದಿತು. ಎರಡಕ್ಕೂ ಕಾರಣ ಆ ಸಾಮೀಪ್ಯವೇ.

ಇಂಗ್ಲೆಂಡಿನ ಜಾರ್ಜ್ ಆಲ್ಬರ್ಟ್ ಸ್ಮಿತ್ 1899ರಲ್ಲಿ ಇನ್ನೊಂದು ದಾರಿ ಹಿಡಿದರು. ‘ದಿ ಕಿಸ್ ಇನ್ ದಿ ಟನಲ್’ನಲ್ಲಿ ಅವರೂ ಪತ್ನಿ ಲಾರಾ ಬೇಲಿಯೂ ರೈಲು ಡಬ್ಬಿಯಲ್ಲಿ ಕುಳಿತ ದಂಪತಿಯಾಗಿ ನಟಿಸಿದರು. ರೈಲಿನ ಮುಂಭಾಗದಿಂದ ತೆಗೆದ ಪ್ರಯಾಣಚಿತ್ರಗಳ ನಡುವೆ ಸೇರಿಸಲೆಂದೇ ತಯಾರಾದ ತುಣುಕಿದು. ಸುರಂಗ ಹೊಕ್ಕ ರೈಲು, ಒಳಗಿನ ಮುತ್ತು, ಮತ್ತೆ ಬೆಳಕು. ಹಿಂದುಮುಂದಿನ ದೃಶ್ಯಗಳಿಂದಾಗಿ ಸಾಧಾರಣ ಮುತ್ತಿಗೆ ಕದ್ದ ಕ್ಷಣದ ಪುಲಕ ಬಂತು. ಭಾವ ಹುಟ್ಟುವುದು ಶಾಟುಗಳ ಜೋಡಣೆಯಲ್ಲಿ ಎಂಬ ತಿಳಿವಳಿಕೆಯ ಮೊಳಕೆ ಇಲ್ಲಿದೆ.

ಅದನ್ನು ಬೆಳೆಸಿದವರು ಡಿ. ಡಬ್ಲ್ಯು. ಗ್ರಿಫಿತ್. 1908ರಿಂದ 1913ರವರೆಗೆ ಬಯೋಗ್ರಾಫ್ ಕಂಪನಿಗಾಗಿ ಅವರು ತೆಗೆದ ನಾನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಬಹುಪಾಲು ಒಂದು ರೀಲಿನವು, ಹೆಚ್ಚೆಂದರೆ ಕಾಲು ಗಂಟೆಯವು. ಟೆನಿಸನ್ನನ ಕಥನಕವನವನ್ನು ಆಧರಿಸಿದ ‘ಆಫ್ಟರ್ ಮೆನಿ ಇಯರ್ಸ್’ನಲ್ಲಿ (1908) ಮನೆಯಲ್ಲಿ ಕಾದಿರುವ ಹೆಂಡತಿಯಿಂದ ನಿರ್ಜನ ದ್ವೀಪದಲ್ಲಿ ಸಿಕ್ಕಿಬಿದ್ದ ಗಂಡನಿಗೆ ದೃಶ್ಯ ನೇರವಾಗಿ ಜಿಗಿಯುತ್ತದೆ. ಹೀಗೆ ಹಾರಾಡಿದರೆ ಕಥೆ ಯಾರಿಗೆ ಅರ್ಥವಾದೀತು ಎಂಬ ಅನುಮಾನ ಆಗ ಎದ್ದಿತ್ತೆಂದು ಗ್ರಿಫಿತ್ ಪತ್ನಿ ಲಿಂಡಾ ಆರ್ವಿಡ್ಸನ್ ಮುಂದೆ ಬರೆದರು. ಪ್ರೇಕ್ಷಕರಿಗೆ ಅರ್ಥವಾಯಿತು. ನಡುವಿನ ಸಮುದ್ರವನ್ನು ತೋರಿಸದೆಯೇ ಅಗಲಿಕೆಯನ್ನು ತೋರಿಸಲು ಸಾಧ್ಯವಾದದ್ದು ಸಿನಿಮಾದ ದೊಡ್ಡ ಗಳಿಕೆ.

ಐದು ವರ್ಷಗಳ ನಂತರದ, ಎರಡು ರೀಲಿನ ‘ದಿ ಮದರಿಂಗ್ ಹಾರ್ಟ್’ನಲ್ಲಿ ಈ ಕೌಶಲ ಪಕ್ವವಾಗಿದೆ. ಹೆಂಡತಿಯ ಪಾತ್ರ ಲಿಲಿಯನ್ ಗಿಷ್ ಅವರದು. ಗಂಡನ ಕೋಟಿನಲ್ಲಿ ಪರಸ್ತ್ರೀಯ ಕೈಗವಸು ಸಿಗುತ್ತದೆ. ಒಂದು ವಸ್ತು ಇಡೀ ದಾಂಪತ್ಯದ ಬಿರುಕನ್ನು ಹೇಳಿಬಿಡುತ್ತದೆ. ಮಗು ಸತ್ತಾಗ ಅವಳು ಗೋಳಾಡುವುದಿಲ್ಲ. ತೋಟಕ್ಕೆ ನಡೆದು, ಕೋಲೊಂದನ್ನು ಹಿಡಿದು ಗುಲಾಬಿ ಗಿಡಗಳನ್ನು ಬಡಿಯುತ್ತಾಳೆ. ಮೂಕಿಯುಗದ ಅಭಿನಯವೆಂದರೆ ಕೈಕಾಲು ಬೀಸುವುದಷ್ಟೇ ಎನ್ನುವವರು ಈ ದೃಶ್ಯವನ್ನು ನೋಡಲೇಬೇಕು.

ಜೋಡಣೆಯ ಬಲವನ್ನು ಪ್ರಯೋಗದಿಂದ ತೋರಿಸಹೊರಟವರು ರಷ್ಯಾದ ಲೆವ್ ಕುಲೆಶೊವ್. ನಟ ಇವಾನ್ ಮೊಜ್ಜೂಖಿನ್ ಅವರ ಒಂದೇ ನಿರ್ವಿಕಾರ ಮುಖವನ್ನು ಅವರು ಬೇರೆ ಬೇರೆ ಶಾಟುಗಳ ಪಕ್ಕದಲ್ಲಿಟ್ಟರು. ಶಿಷ್ಯ ಪುಡೋವ್ಕಿನ್ ಕೊಟ್ಟ ವಿವರದಂತೆ, ಸೂಪಿನ ಬಟ್ಟಲಿನ ಜೊತೆ, ಶವಪೆಟ್ಟಿಗೆಯಲ್ಲಿ ಮಲಗಿದ ಹೆಂಗಸಿನ ಜೊತೆ, ಆಡುವ ಮಗುವಿನ ಜೊತೆ ಅದೇ ಮುಖ ಬಂದಾಗ ನೋಡುಗರು ಅದರಲ್ಲಿ ಬೇರೆ ಬೇರೆ ಭಾವಗಳನ್ನು ಕಂಡು ನಟನೆಯನ್ನು ಕೊಂಡಾಡಿದರು.

ಸಂಗೀತದ ಪಾಲೂ ಸಣ್ಣದಲ್ಲ. ಮೂಕಿಚಿತ್ರಗಳಿಗೆ ವಾದಕರು ಚಿತ್ರಮಂದಿರದಲ್ಲೇ ನುಡಿಸುತ್ತಿದ್ದರು. ಎರ್ನೊ ರಾಪೀ 1924ರಲ್ಲಿ ಅವರಿಗಾಗಿ 52 ಭಾವಸನ್ನಿವೇಶಗಳಿಗೆ ಹೊಂದುವ ಸ್ವರಗಳ ಸಂಗ್ರಹ ಹೊರತಂದರು. ಸಿದ್ಧ ಹಾಡಿನ ತುಣುಕನ್ನು ಆರಿಸಿ ದೃಶ್ಯಕ್ಕೆ ಹೊಂದಿಸುವ ಇಂದಿನ ರೀಲ್ಸ್ ಪದ್ಧತಿ ಇದರ ನೇರ ಮುಂದುವರಿಕೆಯಂತಿದೆ.

2020ರಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಆರಂಭಿಸುವ ಹೊತ್ತಿಗೆ ಚೌಕಟ್ಟು ಮೊಬೈಲಿನ ಪರದೆಯಂತೆ ಲಂಬವಾಗಿತ್ತು. ಅದರಲ್ಲಿ ಒಂದು ಮುಖ ಚೆನ್ನಾಗಿ ತುಂಬುತ್ತದೆ; ಅಕ್ಕಪಕ್ಕ ನಿಂತ ಇಬ್ಬರು ಇಕ್ಕಟ್ಟಿನಲ್ಲಿ ಸಿಲುಕುತ್ತಾರೆ. ಆದ್ದರಿಂದ ಜಗಳವಾಗಲಿ, ರಾಜಿಯಾಗಲಿ, ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ, ಅಲ್ಲಿಂದ ಉತ್ತರ ಬಾರದ ಫೋನಿಗೋ ಆರಿದ ಚಹಾದ ಲೋಟಕ್ಕೋ ಕತ್ತರಿಸಿ ಹೇಳುವ ರೀತಿಯೇ ಈ ಕಿರುವಿಡಿಯೊಗಳಿಗೆ ಹೆಚ್ಚು ಒಗ್ಗುತ್ತದೆ.