ಎರಡು ಕಾಗದಗಳು

ಚಾಮುಂಡಿ ಬೆಟ್ಟವನ್ನು ಮೆಟ್ಟಿಲ ದಾರಿಯಲ್ಲಿ ಹತ್ತುವವರಲ್ಲಿ ನಂದಿಯ ಬಳಿ ದಣಿವಾರಿಸಿಕೊಳ್ಳದವರು ವಿರಳ. ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಇವನ್ನು ಮಾಡಿಸಿದಾಗ ನಮ್ಮಂಥ ಮುದುಕರ ಉಸಿರಿನ ಲೆಕ್ಕವನ್ನೂ ಹಾಕಿದ್ದರೋ ಏನೋ. ಈಚೆಗೆ ಒಂದು ಮುಂಜಾನೆ ನನ್ನ ತಂಗಿಯ ಮಗ ಜತೆಗಿದ್ದ. ವೈದ್ಯ ಪದವಿ ಪಡೆದು, ಆಸ್ಪತ್ರೆಯ ತರಬೇತನ್ನೂ ಮುಗಿಸಿ, ನೋಂದಣಿಯ ಸಂಖ್ಯೆಗಾಗಿ ಕಾಯುತ್ತಿರುವವನು. ಕೆಮ್ಮಿಗೊಂದು ಔಷಧ ಬರೆದುಕೊಡೋ ಎಂದರೆ, “ನಂಬರು ಬರಲಿ ಮಾವ, ಅಲ್ಲಿಯವರೆಗೆ ನಾನು ಡಾಕ್ಟರಲ್ಲ” ಎಂದು ನಕ್ಕ.

ನಗೆಮಾತೇ ನಿಜ. ಆದರೆ ಅದರ ಹಿಂದೆ ದೊಡ್ಡ ಕಥೆಯೊಂದಿದೆ. ಕಾಲೇಜು ಕೊಡುವ ಕಾಗದ ‘ಇವನು ಕಲಿತಿದ್ದಾನೆ’ ಎನ್ನುತ್ತದೆ. ‘ಇವನು ರೋಗಿಯನ್ನು ಮುಟ್ಟಬಹುದು’ ಎನ್ನುವುದು ಇನ್ನೊಂದು ಕಾಗದ. ಈ ಎರಡನೆಯದರ ಹುಟ್ಟು ಇಂಗ್ಲೆಂಡಿನ 1858ರ ಕಾನೂನಿನಲ್ಲಿ. ಕಲಿತ ವೈದ್ಯನಾರು, ಕಲಿಯದವನಾರು ಎಂಬುದು ಜನರಿಗೆ ತಿಳಿಯಲೆಂದು ಅಲ್ಲಿ ವೈದ್ಯರ ಪಟ್ಟಿಯನ್ನು ತಯಾರಿಸಿದರು.

ನಮ್ಮಲ್ಲಿ ಕಾಲೇಜು ಮೊದಲು ಬಂತು, ಪಟ್ಟಿ ಆಮೇಲೆ. ಕೆಳಗೆ ಕಾಣುವ ಊರಿನಲ್ಲಿ ಆಯುರ್ವೇದ ಕಾಲೇಜು ಹುಟ್ಟಿದ್ದು 1908ರಲ್ಲಿ. ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂತು. ಸಂಸ್ಥಾನದ ವೈದ್ಯಕೀಯ ನೋಂದಣಿ ಕಾನೂನಾದದ್ದು 1931ರಲ್ಲಿ. ಕಾಲೇಜು ಇಲ್ಲಿಗೆ ಬಂದ ಅದೇ 1930ರಲ್ಲಿ ಬ್ರಿಟನ್ನಿನ ವೈದ್ಯಮಂಡಲಿ ಭಾರತದ ಪದವಿಗಳಿಗಿದ್ದ ಮನ್ನಣೆಯನ್ನು ಹಿಂತೆಗೆದುಕೊಂಡಿತು. ನಮ್ಮ ಕಾಲೇಜುಗಳನ್ನು ಪರಿವೀಕ್ಷಿಸುವವರು ಯಾರು, ಪ್ರಸೂತಿಯ ತರಬೇತು ಸಾಲದೆಂದು ಹೇಳುವವರು ಯಾರು ಎಂಬ ಜಗಳ ಬಹುಕಾಲ ನಡೆದಿತ್ತು. ಅದರ ಫಲವಾಗಿ 1933ರಲ್ಲಿ ಭಾರತೀಯ ವೈದ್ಯಮಂಡಲಿಯ ಕಾನೂನು ಹುಟ್ಟಿತು. ಅದೂ ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ. ಮೈಸೂರು ಸಂಸ್ಥಾನವು ಅದರ ಹೊರಗೆ ಉಳಿಯಿತು.

ಕನ್ನಡ ನಾಡಿನ ಪಾಡೂ ವಿಚಿತ್ರವಾಗಿತ್ತು. ಧಾರವಾಡದ ಡಾಕ್ಟರರಿಗೆ 1912ರ ಮುಂಬಯಿ ಕಾನೂನು, ಮಂಗಳೂರಿನವರಿಗೆ 1914ರ ಮದರಾಸಿನ ಕಾನೂನು, ಮೈಸೂರಿನವರಿಗೆ ಮೈಸೂರಿನದು. ಕೇಳುವ ಕೆಮ್ಮು ಒಂದೇ, ಕೇಳುವ ಭಾಷೆಯೂ ಒಂದೇ; ವೈದ್ಯನ ಹೆಸರಿರುವ ಪಟ್ಟಿ ಮಾತ್ರ ಬೇರೆ ಬೇರೆ. 1953ರಲ್ಲಿ ಮಣಿಪಾಲದಲ್ಲಿ ಡಾ. ಟಿ. ಎಂ. ಎ. ಪೈಗಳು ಕಾಲೇಜು ತೆರೆದಾಗ ಊರು ಇದ್ದದ್ದು ಮದರಾಸು ರಾಜ್ಯದಲ್ಲಿ, ಅದು ಸೇರಿಕೊಂಡದ್ದು ಆಗ ಮುಂಬಯಿ ರಾಜ್ಯದಲ್ಲಿದ್ದ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯಕ್ಕೆ! ರಾಜ್ಯಗಳು 1956ರಲ್ಲಿ ಒಂದಾದುವು. ಪಟ್ಟಿಗಳು ಒಂದಾಗಲು 1961ರ ಕಾನೂನೇ ಬೇಕಾಯಿತು. ಏಕೀಕರಣದ ಚರಿತ್ರೆ ಬರೆಯುವವರು ಗಡಿಯನ್ನು ನೋಡುತ್ತಾರೆ, ಇಂಥ ದಫ್ತರಗಳನ್ನು ನೋಡುವುದು ಕಡಮೆ. ಆಯುರ್ವೇದ, ಯುನಾನಿ ವೈದ್ಯರಿಗೂ ಇಡೀ ರಾಜ್ಯಕ್ಕೆ ಒಂದೇ ನೋಂದಣಿ ಕಾನೂನು ರೂಪುಗೊಂಡದ್ದು 1961ರಲ್ಲಿಯೇ.

ಕಾಲೇಜು ಮೊದಲು, ಅನುಮತಿ ಆಮೇಲೆ ಎಂಬ ಹಳೆಯ ಚಾಳಿ ಮಾತ್ರ ಬೇಗ ಬಿಡಲಿಲ್ಲ. ಹೊಸ ವೈದ್ಯ ಕಾಲೇಜು ತೆರೆಯುವ ಮುನ್ನವೇ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕೆಂಬ ಕಟ್ಟುಪಾಡು ಬಂದದ್ದು 1993ರಲ್ಲಿ. ಅದಕ್ಕೆ ಮುಂಚೆ ಮನ್ನಣೆ ಸಿಗದೆ ಹೋದರೆ ನಷ್ಟ ಯಾರದು? ಕಟ್ಟಡ ಎಲ್ಲಿಗೂ ಓಡಿಹೋಗುವುದಿಲ್ಲ. ಐದು ವರ್ಷ ಓದಿದ ಹುಡುಗನ ಕೈಯಲ್ಲಿ ಒಂದೇ ಕಾಗದ ಉಳಿಯುತ್ತಿತ್ತು. ನಿಯಮಗಳನ್ನು ಬೈಯುವುದು ಸುಲಭ, ನಾನೂ ಬೈದವನೇ. ಆದರೂ ಈ ಒಂದು ನಿಯಮ ತಡವಾಗಿ ಬಂತೆಂದೇ ನನ್ನ ದೂರು.

2002ರ ನಿಯಮಾವಳಿಯಂತೆ ವೈದ್ಯನು ಬರೆಯುವ ಪ್ರತಿ ಔಷಧ ಚೀಟಿಯಲ್ಲೂ ನೋಂದಣಿಯ ಸಂಖ್ಯೆ ಇರತಕ್ಕದ್ದು. ನನ್ನ ಸೋದರಳಿಯನಿಗೆ ಅದು ಬಾಯಿಪಾಠ. ಇಳಿಯುವಾಗ ಅವನು ಅಂಗಡಿಯೊಂದರಲ್ಲಿ ಶುಂಠಿ ಕಷಾಯ ಕೊಡಿಸಿದ. ಇದಕ್ಕೆ ನಂಬರು ಬೇಡವೇ ಎಂದೆ. ಅಂಗಡಿಯಾಕೆ ನಮ್ಮಿಬ್ಬರನ್ನೂ ನೋಡಿ, ಇಪ್ಪತ್ತು ರೂಪಾಯಿ ಎಂದಳು.