‘ನಾ’, ‘ನನಗ’ ಮತ್ತು ಇಂಗ್ಲಿಷಿನ ‘ಐ’, ‘ಮಿ’

ಇಂಗ್ಲಿಷಿನ ನಾಮಪದ ಕರ್ತೃವಾದರೂ ಕರ್ಮವಾದರೂ ರೂಪ ಬದಲಿಸುವುದಿಲ್ಲ. ಆ ಭೇದ ಉಳಿದಿರುವುದು ‘ಐ–ಮಿ’, ‘ಹಿ–ಹಿಮ್’, ‘ಷಿ–ಹರ್’ನಂಥ ಕೆಲವೇ ಸರ್ವನಾಮಗಳಲ್ಲಿ. ಗೊಂದಲ ಹುಟ್ಟುವುದೂ ಅಲ್ಲೇ.

ಮಲಪ್ರಭೆಯ ದಂಡೆಯ ಹೊಳೆಆಲೂರಿನಲ್ಲಿ ಬೆಳೆದ ಮಗುವಿಗೆ ಈ ಭೇದ ಹೊಸದಲ್ಲ. ‘ನಾ ಹೊಂಟೆ’, ‘ನನಗ ಕೊಡು’, ‘ನನ್ನ ಜೋಡಿ ಬಾ’ ಎಂಬ ಮಾತುಗಳಲ್ಲಿ ರೂಪ ತಾನಾಗಿಯೇ ಬದಲಾಗುತ್ತದೆ. ಹಳಗನ್ನಡದಲ್ಲಿ ಪ್ರಥಮೆಗೆ ‘ಆನ್’, ಉಳಿದ ವಿಭಕ್ತಿಗಳಲ್ಲಿ ‘ಎನ್ನ’, ‘ಎನಗೆ’ ಇದ್ದವು. ಹವ್ಯಕರ ಮನೆಮಾತಿನಲ್ಲಿ ‘ಆನು’ ಇಂದಿಗೂ ಜೀವಂತವಾಗಿದೆ. ಮುಂದೆ ‘ನಾನು’, ‘ನನ್ನ’ ನೆಲೆಗೊಂಡರೂ ಭೇದ ಅಳಿಯಲಿಲ್ಲ.

ಇಬ್ಬರನ್ನು ಕೂಡಿಸಿ ಹೇಳುವಾಗ ಕನ್ನಡ ಇನ್ನೂ ಕಟ್ಟುನಿಟ್ಟು. ‘ಆಕಿಗೂ ನನಗೂ ಪುಸ್ತಕ ಕೊಟ್ರು’ ಎನ್ನುವಲ್ಲಿ ಇಬ್ಬರಿಗೂ ಪ್ರತ್ಯಯ ಬೇಕೇ ಬೇಕು. ‘ಆಕಿಗೂ ನಾನೂ ಕೊಟ್ರು’ ಎಂದು ಯಾರ ಬಾಯಲ್ಲೂ ಬರುವುದಿಲ್ಲ. ಇಂಗ್ಲಿಷನ್ನೇ ಮನೆಮಾತಾಗಿ ಆಡುವವರು ಮಾತ್ರ ಇಂಥಲ್ಲಿ ‘ಹರ್ ಅಂಡ್ ಐ’ ಎಂದು ಎಡವುವುದುಂಟು. ‘ಐ’ ಎಂದರೇ ಸಭ್ಯ ಎಂಬ ತಪ್ಪು ತಿಳಿವಳಿಕೆ ಇದಕ್ಕೆ ಒಂದು ಕಾರಣ. ಇಲ್ಲಿ ಕನ್ನಡವೇ ಒರೆಗಲ್ಲು: ‘ನಾ’ ಬರುವಲ್ಲಿ ‘ಐ’, ‘ನನಗ’ ಅಥವಾ ‘ನನ್ನ’ ಬರುವಲ್ಲಿ ‘ಮಿ’. ‘ನಿನ್ನ ನನ್ನ ನಡುವೆ’ ಎಂಬುದಕ್ಕೆ ‘ಬಿಟ್ವೀನ್ ಯು ಅಂಡ್ ಮಿ’ ಎಂಬುದೇ ಸರಿ. ಒಡೆತನ ಹೇಳುವ ‘ನನ್ನ ಮನೆ’ಗೆ ಮಾತ್ರ ‘ಮೈ’.

ಈ ಒರೆಗಲ್ಲು ಕೈಕೊಡುವ ಕಡೆಯೂ ಇದೆ. ‘ನನಗ ಗೊತ್ತೈತಿ’, ‘ನನಗ ನೀರು ಬೇಕು’, ‘ನನಗ ಹಸಿವಾಗೈತಿ’: ಅರಿವು, ಬಯಕೆ, ಹಸಿವುಗಳನ್ನು ಕನ್ನಡ ಚತುರ್ಥಿಯಲ್ಲಿ ಹೇಳುತ್ತದೆ. ಅವು ಮನುಷ್ಯ ಮಾಡುವ ಕೆಲಸವಲ್ಲ, ಅವನಿಗೆ ಒದಗುವ ಅನುಭವ ಎಂಬ ಸೂಕ್ಷ್ಮ ಅದರಲ್ಲಿದೆ. ಇಂದಿನ ಇಂಗ್ಲಿಷಿನಲ್ಲಿ ಇಲ್ಲೆಲ್ಲ ‘ಐ’ ಬರಬೇಕು. ಆದರೆ ಹಿಂದೆ ಇಂಗ್ಲಿಷಿಗೂ ಈ ದಾರಿ ಗೊತ್ತಿತ್ತು. ಷೇಕ್ಸ್‌ಪಿಯರ್‌ನ ನಾಟಕಗಳಲ್ಲಿ ಬರುವ ‘ಮಿಥಿಂಕ್ಸ್’ ಎಂಬ ಪದದ ರಚನೆ ಕನ್ನಡದ ‘ನನಗೆ ಅನಿಸುತ್ತದೆ’ ಎಂಬುದರದೇ.

ಒರೆಗಲ್ಲು ಸೋಲುವ ಇನ್ನೊಂದು ಕಡೆ ಇದು: ಬಾಗಿಲು ಬಡಿದಾಗ ‘ಯಾರು?’ ಎಂದರೆ ಹೊಳೆಆಲೂರಿನ ಉತ್ತರ ‘ನಾ’. ಇಂಗ್ಲಿಷಿನದು ‘ಇಟ್ಸ್ ಮಿ’. ಹಳೆಯ ವೈಯಾಕರಣರು ‘ಇಟ್ ಈಸ್ ಐ’ ಎಂದೇ ಪಟ್ಟು ಹಿಡಿದರೂ ಬಳಕೆ ಒಪ್ಪಲಿಲ್ಲ.

ಹೊಳೆಆಲೂರು ಇರುವ ರೋಣ ಸೀಮೆಯ ಶಾಲೆಗಳಲ್ಲಿ ‘ಐ–ಮಿ’ ಪಾಠ ಮಕ್ಕಳ ‘ನಾ’, ‘ನನ್ನ’, ‘ನನಗ’ಗಳಿಂದಲೇ ಶುರುವಾಗಬೇಕು, ‘ಗೊತ್ತು’, ‘ಬೇಕು’ಗಳಂಥ ಅಪವಾದಗಳನ್ನು ಆಮೇಲೆ ಬಿಡಿಸಿ ಹೇಳಬೇಕು.